ಹದಿಮೂರು ಸಾವಿರ ನಾಯಕರನ್ನು ಆರಿಸಿದ ನೆಸ್ಟಾ

ಬೆಳಗಿನ ಏಳು ಹೊಡೆಯಲು ಇನ್ನೂ ಹತ್ತು ನಿಮಿಷ ಇದೆ. ಕಾರ್ಡಿಫ್‌ನ ರಾಷ್ಟ್ರೀಯ ರಗ್ಬಿ ಕ್ರೀಡಾಂಗಣದಲ್ಲಿ, ವೇಲ್ಸ್ ಆಟಗಾರರು ಬಟ್ಟೆ ಬದಲಿಸುವ ಕೋಣೆಯೊಳಗೆ, ನೆಸ್ಟಾ ಪ್ರಾಸರ್ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಾರೆ. ನೋಡಲು ಬರುವವರಿಗಾಗಿ ಗೋಡೆಯುದ್ದಕ್ಕೂ ಹದಿನೈದು ಕೆಂಪು ಅಂಗಿಗಳು ತೂಗಬೇಕು, ಒಂದರಲ್ಲೂ ಸುಕ್ಕು ಕಾಣಬಾರದು. ಹದಿನಾಲ್ಕು ಈಗಾಗಲೇ ಕೊಕ್ಕೆಗೇರಿವೆ. ಒಂಬತ್ತನೇ ಅಂಗಿ ಮಾತ್ರ ಮೂರನೇ ಸಲ ಮಣೆಯ ಮೇಲೆ ಮಲಗಿದೆ.

"ಅದನ್ನ ಸುಟ್ಟೇ ಬಿಡ್ತೀಯೇನು, ಬೋಪಾ?" ಎನ್ನುತ್ತಾ ಗೆತಿನ್ ಒಳಗೆ ಬರುತ್ತಾರೆ. ಮೈದಾನದ ಹುಲ್ಲು ಇವರ ಸುಪರ್ದಿ. ಐವತ್ತೈದು ದಾಟಿದ್ದರೂ, ತಮ್ಮೂರಿನ ಕಣಿವೆಯ ಎಲ್ಲರಂತೆ ಇವರಿಗೂ ನೆಸ್ಟಾ 'ಬೋಪಾ', ಅಂದರೆ ಚಿಕ್ಕಮ್ಮ. ರಕ್ತಸಂಬಂಧವೇನೂ ಇಲ್ಲ.

"ಬಿಸಿಲು ಸಾಲದು ಅಂತ ನೀನು ಹುಲ್ಲಿಗೆ ದೀಪ ಹಚ್ಚಿ ಇಡ್ತೀಯ, ನಾನೇನಾದ್ರೂ ಕೇಳಿದೀನಾ?" ನೆಸ್ಟಾ ತಲೆ ಎತ್ತುವುದಿಲ್ಲ. "ಹತ್ತು ಗಂಟೆಗೆ ಕ್ರೀಡಾಂಗಣ ಸುತ್ತೋಕೆ ಯಾರು ಬರ್ತಿದಾರೆ ಗೊತ್ತಾ? ಕುರ್ಚಿ ಇದ್ವಾಲ್!"

ಗೆತಿನ್ ಕೈಯಲ್ಲಿದ್ದ ಚಹಾ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಲ್ಲುತ್ತದೆ. "ಸುಳ್ಳು ಹೇಳ್ಬೇಡ."

"ಪಟ್ಟಿ ನೋಡು ಬೇಕಾದ್ರೆ. ಇದ್ವಾಲ್ ರಾಸರ್, ಎಂಬತ್ತನಾಲ್ಕು. ಜೊತೆಗೆ ಮಗಳು ಮೆನ್ನಾ."

ಆ ಕಣಿವೆಯ ತುದಿಯಲ್ಲಿ, ರೈಲು ಹಳಿ ಕೊನೆಯಾಗುವ ಟ್ರೆಹರ್ಬರ್ಟ್‌ನಲ್ಲಿ ಈ ಹೆಸರು ಗೊತ್ತಿಲ್ಲದವರಿಲ್ಲ. ಅರವತ್ತರ ದಶಕದಲ್ಲಿ ಇದ್ವಾಲ್ ಒಂಬತ್ತನೇ ಅಂಗಿಯ ಆಟಗಾರ. ಕುಳ್ಳಗೆ, ಚುರುಕಾಗಿ, ಬಾಯಿ ಜೋರಾಗಿ ಇದ್ದವರು. ಹನ್ನೊಂದು ಸಲ ವೇಲ್ಸ್ ತಂಡಕ್ಕೆ ಕಾಯ್ದಿಟ್ಟ ಆಟಗಾರನಾಗಿ ಆಯ್ಕೆಯಾದರು. ಆಗಿನ ನಿಯಮ ಕಠಿಣ. ಆಟ ಶುರುವಾದ ಮೇಲೆ ಕಾಲು ಮುರಿದರೂ ಬದಲಿ ಆಟಗಾರ ಇಳಿಯುವಂತಿಲ್ಲ, ಉಳಿದವರೇ ಆಡಿ ಮುಗಿಸಬೇಕು. ಆಟಕ್ಕೆ ಮುಂಚೆಯೇ ಯಾರಾದರೂ ಹಾಸಿಗೆ ಹಿಡಿದರೆ ಮಾತ್ರ ಕಾದವನಿಗೆ ಅವಕಾಶ. ಇದ್ವಾಲ್ ಮುಂದಿದ್ದ ಆಟಗಾರನಿಗೆ ಹನ್ನೊಂದು ಸಲವೂ ಒಂದು ನೆಗಡಿ ಕೂಡ ಬರಲಿಲ್ಲ. ಚೀಲದಲ್ಲಿ ಬೂಟು ಹೊತ್ತು ಹೋಗುವುದು, ಟೈ ಕಟ್ಟಿ ಕುರ್ಚಿಯಲ್ಲಿ ಕೂರುವುದು, ಬೂಟಿಗೆ ಮಣ್ಣು ಅಂಟದೆ ವಾಪಸು ಬರುವುದು. ದೇಶಕ್ಕೆ ಆಡಿದವರ ತಲೆಗೇರುವ ಮಖಮಲ್ ಕ್ಯಾಪ್ ಅವರಿಗೆ ಸಿಗಲೇ ಇಲ್ಲ.

ಈ ಕಣಿವೆಯಲ್ಲಿ ಒಂದೇ ಹೆಸರಿನವರು ಬೀದಿಗೆ ಹತ್ತು ಮಂದಿ. ಹಾಗಾಗಿ ಹಾಲು ಜೋನ್ಸ್, ರೊಟ್ಟಿ ಡೇವಿಸ್ ಎಂದು ಕಸುಬನ್ನೇ ಹೆಸರಿಗೆ ಅಂಟಿಸುತ್ತಾರೆ. ಇದ್ವಾಲ್‌ಗೆ ಅಂಟಿದ್ದು ಕುರ್ಚಿ. ಹನ್ನೆರಡನೇ ಸಲ ಪಟ್ಟಿಯಲ್ಲಿ ಹೆಸರೇ ಬರದಿದ್ದಾಗ, ಕಾರ್ಡಿಫ್‌ನ ಈ ಮೈದಾನದ ಬಾಗಿಲು ಇನ್ನು ತುಳಿಯುವುದಿಲ್ಲ ಎಂದು ಹೇಳಿ ಮನೆ ಸೇರಿದವರು. ಐವತ್ತೆಂಟು ವರ್ಷ ಆ ಮಾತು ಮುರಿದಿಲ್ಲ. ಇವತ್ತು ಮಗಳ ಕಾಟ ತಾಳಲಾರದೆ ಬರುತ್ತಿದ್ದಾರೆ. ಅವರನ್ನು ಆಟಗಾರರ ಸುರಂಗ ದಾಟಿಸಿ, ಬೆಳಕಿಗೆ, ಹುಲ್ಲಿನ ಅಂಚಿಗೆ ಕಳಿಸಬೇಕು. ನೆಸ್ಟಾ ಮನಸ್ಸಿನಲ್ಲಿ ಬೆಳಗಿನಿಂದ ಇದೊಂದೇ ಇದೆ.

ನೆಸ್ಟಾಗೆ ಈಗ ಎಪ್ಪತ್ತೊಂದು. ಟ್ರೆಹರ್ಬರ್ಟ್‌ನಿಂದ ಮೊದಲ ರೈಲು ಹತ್ತಿ, ಚೀಲದಲ್ಲಿ ಚಹಾ ಫ್ಲಾಸ್ಕು, ನಾಲ್ಕು ವೆಲ್ಶ್ ಕೇಕು ಇಟ್ಟುಕೊಂಡು ಬರುತ್ತಾರೆ. ಇಪ್ಪತ್ತಾರು ವರ್ಷ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಕಾಲರು ಹೊಲಿದರು. ಕಾರ್ಖಾನೆ ಮುಚ್ಚಿದ ವರ್ಷವೇ ಗಣಿಯ ಧೂಳು ಕುಡಿದ ಗಂಡ ಡೆನ್‌ಜಿಲ್‌ರ ಎದೆ ಕೈಕೊಟ್ಟಿತು. ಮೂರು ವರ್ಷ ಅವರ ಆರೈಕೆ, ಆಮೇಲೆ ಒಂಟಿತನ. ಆಟದ ದಿನಗಳಲ್ಲಿ ಇಲ್ಲಿ ಚಹಾ ಮಾರಲು ಸೇರಿದವರು, ಒಮ್ಮೆ ಜನರನ್ನು ಸುತ್ತಾಡಿಸುವ ಹುಡುಗಿ ಬಾರದಿದ್ದಾಗ, "ನಾನು ಕರ್ಕೊಂಡು ಹೋಗ್ಲಾ?" ಎಂದು ಕೇಳಿದರು. ಅದಾಗಿ ಹತ್ತೊಂಬತ್ತು ವರ್ಷ ಕಳೆದಿದೆ.

"ಅವತ್ತು ನಂಗೆ ಏನೂ ಗೊತ್ತಿರ್ಲಿಲ್ಲ. ಶೌಚಾಲಯ ಎಲ್ಲಿದೆ ಅನ್ನೋದೊಂದು ಗೊತ್ತಿತ್ತು. ಮಿಕ್ಕಿದ್ದೆಲ್ಲ ನಮ್ಮಪ್ಪ ಹೇಳ್ತಿದ್ದ ಕಥೆ ಹೊಡೆದೆ," ಎಂದು ನಗುತ್ತಾರೆ.

ದಿನಕ್ಕೆ ನಾಲ್ಕು ಸುತ್ತು, ಒಂದೊಂದೂ ಒಂದೂಕಾಲು ಗಂಟೆ. ಮೆಟ್ಟಿಲು ಲೆಕ್ಕ ಹಾಕುವುದನ್ನು ಎಡ ಮಂಡಿಯ ಕೀಲು ಬದಲಿಸಿದ ವರ್ಷವೇ ಬಿಟ್ಟರಂತೆ. ಎಪ್ಪತ್ನಾಲ್ಕು ಸಾವಿರ ಕುರ್ಚಿಗಳ ಈ ಭವನದಲ್ಲಿ ಮೇಲಿನ ಸರಿಯುವ ಚಾವಣಿ ಮುಚ್ಚಬೇಕಾದರೆ ಎರಡೂ ತಂಡ ಒಪ್ಪಬೇಕು ಎಂಬುದರಿಂದ ಹಿಡಿದು, ಎದುರಾಳಿಗಳ ಕೋಣೆಯಲ್ಲಿ ಯಾವ ನಲ್ಲಿ ಸೋರುತ್ತದೆ ಎಂಬವರೆಗೆ ಎಲ್ಲವೂ ಅವರ ನಾಲಿಗೆ ತುದಿಯಲ್ಲಿದೆ. ಕೈಯಲ್ಲಿ ಚೀಟಿ ಹಿಡಿಯುವವರಲ್ಲ.

ಆದರೆ ಅವರ ನಿಜವಾದ ಕೈಚಳಕ ಕಾಣುವುದು ಸುತ್ತಿನ ಕೊನೆಯಲ್ಲಿ. ಪ್ರತಿ ಗುಂಪಿನಿಂದ ಒಬ್ಬರನ್ನು ನಾಯಕನಾಗಿ ಆರಿಸುತ್ತಾರೆ. ನಾಯಕ ಮುಂದೆ, ಉಳಿದವರು ಹಿಂದೆ, ಆಟಗಾರರಂತೆಯೇ ಸುರಂಗದಿಂದ ಹೊರಗೆ ಓಡಬೇಕು. ನೆಸ್ಟಾ ಒಳಗೆ ಗೋಡೆಯ ಪೆಟ್ಟಿಗೆಯ ಗುಂಡಿ ಒತ್ತಿದರೆ, ಹಿಂದೊಂದು ಆಟದಲ್ಲಿ ಹಿಡಿದಿಟ್ಟ ಜನಸಾಗರದ ಕೂಗು ಧ್ವನಿವರ್ಧಕಗಳಿಂದ ಸುರಿಯುತ್ತದೆ. "ನಾನು ನಾನು ಅಂತ ಕೈ ಎತ್ತೋರನ್ನ ಕರೆಯಲ್ಲ. ಹಿಂದೆ ನಿಂತು ಬೂಟಿನ ದಾರ ನೋಡ್ತಿರ್ತಾರಲ್ಲ, ಅವರನ್ನೇ ಕರೆಯೋದು," ಎನ್ನುತ್ತಾರೆ. ಹಾಗೆ ಇವರು ಆರಿಸಿದ ನಾಯಕರು ಹದಿಮೂರು ಸಾವಿರ ದಾಟಿದ್ದಾರೆ.

ಹತ್ತು ಗಂಟೆ. ಶನಿವಾರ ಇಂಗ್ಲೆಂಡ್ ತಂಡ ಬರಲಿದೆ. ಇವತ್ತು ಗುರುವಾರವೇ ಊರಿಗೆ ಜ್ವರ ಏರಿದೆ. ಬಾಗಿಲಲ್ಲಿ ಇಪ್ಪತ್ತಮೂರು ಮಂದಿ: ಓಸಾಕಾದ ದಂಪತಿ, ಎರಡು ಐರಿಷ್ ಕುಟುಂಬ, ಬ್ರಿಸ್ಟಲ್‌ನಿಂದ ಬಂದ ಕ್ಲೈವ್ ಎಂಬ ಧಡೂತಿ. ಕ್ಲೈವ್ ಧೈರ್ಯವಾಗಿ ಇಂಗ್ಲೆಂಡಿನ ಬಿಳಿ ಅಂಗಿ ತೊಟ್ಟಿದ್ದಾರೆ.

"ಒಳಗೆ ಬನ್ನಿ, ಬನ್ನಿ! ಬಿಳಿ ಅಂಗಿಯವರೂ ಬರ್ಬಹುದು, ಒಗೆಯೋಕೆ ನಮ್ಮಲ್ಲಿ ಯಂತ್ರ ಇದೆ," ಎಂದು ನೆಸ್ಟಾ ಸ್ವಾಗತಿಸುತ್ತಾರೆ. ಕ್ಲೈವ್ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ಎಲ್ಲರ ಹಿಂದೆ ಚಪ್ಪಟೆ ಟೋಪಿ ಹಾಕಿದ, ಕೋಲು ಹಿಡಿದ ಕುಳ್ಳ ಮುದುಕರು. ಮಗಳು ಮೆನ್ನಾ ತೋಳು ಹಿಡಿದಿದ್ದಾರೆ. ನೆಸ್ಟಾ ಗುರುತು ತೋರಿಸುವುದಿಲ್ಲ. ಮುದುಕರೇ ಗೊಣಗುತ್ತಾರೆ: "ನೀನು ಪ್ರಾಸರ್ ಡೆನ್‌ಜಿಲ್ ಹೆಂಡ್ತಿ ಅಲ್ವೇನೇ? ಊರಲ್ಲಿ ಬಾಯ್ಬಿಟ್ಟೀಯ, ಜೋಕೆ."

"ನಾನ್ಯಾಕೆ ಬಾಯಿಬಿಡ್ಲಿ, ಇದ್ವಾಲ್ ಮಾಮ? ಊರೇ ನಿಮ್ಮನ್ನ ರೈಲು ಹತ್ತಿಸಿ ಕಳಿಸಿದೆಯಂತೆ."

ಸುತ್ತು ಶುರುವಾಗುತ್ತದೆ. ಮೇಲಿನ ಸಾಲಿಗೆ ಹತ್ತಿದಾಗ ನೆಸ್ಟಾ ಕೈ ಚಾಚಿ ಅಂಗಣ ತೋರಿಸುತ್ತಾರೆ. ಹಳೆಯ ಮೈದಾನ ಕೆಡವಿ ಇದನ್ನು ಕಟ್ಟುವಾಗ ಅಂಗಣವನ್ನೇ ಕಾಲು ಸುತ್ತು ತಿರುಗಿಸಿದರು. ಪೂರ್ವ ಪಶ್ಚಿಮಕ್ಕಿದ್ದ ಗೋಲುಕಂಬಗಳು ಈಗ ಉತ್ತರ ದಕ್ಷಿಣಕ್ಕಿವೆ. ಹಳೆಯದನ್ನು ಕಂಡ ಕಣಿವೆಯ ಹಿರಿಯರು ಇಲ್ಲಿ ಬಂದರೆ ಇಂದಿಗೂ ದಿಕ್ಕು ತಪ್ಪುತ್ತಾರೆ. ಇಲ್ಲದ ಕಂಬದ ಕಡೆ ಬೆರಳು ತೋರಿಸಿ ಮೊಮ್ಮಕ್ಕಳಿಗೆ ಕಥೆ ಹೇಳುತ್ತಾರೆ. ನೆಸ್ಟಾ ಇದನ್ನು ದಿನವೂ ವಿವರಿಸುತ್ತಾರೆ, ಇವತ್ತೂ ವಿವರಿಸುತ್ತಾರೆ. ಆದರೆ ಇದ್ವಾಲ್ ಕಿವಿ ಇಲ್ಲಿಲ್ಲ. ಅವರು ಕೆಳಗಿನ ಹುಲ್ಲನ್ನೇ ನೋಡುತ್ತಿದ್ದಾರೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂಬತ್ತನೇ ಅಂಗಿಯ ಮುಂದೆ ಅವರು ನಿಂತುಬಿಡುತ್ತಾರೆ. ತೋಳಿನ ಹೊಲಿಗೆಯನ್ನು ಎರಡು ಬೆರಳಲ್ಲಿ ಮುಟ್ಟಿ, "ಯಾರೋ ಚೆನ್ನಾಗಿ ಇಸ್ತ್ರಿ ಮಾಡಿದಾರೆ," ಎನ್ನುತ್ತಾರೆ. ನೆಸ್ಟಾ ಬೇರೆ ಕಡೆ ಮುಖ ತಿರುಗಿಸಿಕೊಂಡು ಉಳಿದವರಿಗೆ ಸ್ನಾನದ ತೊಟ್ಟಿ ತೋರಿಸುತ್ತಾರೆ.

ಕೊನೆಗೆ ಸುರಂಗದ ಬಾಯಿ. ತುದಿಯಲ್ಲಿ ಚೌಕಾಕಾರದ ಹಸಿರು ಬೆಳಕು ಕಾಣುತ್ತದೆ. ಗುಂಪು ಗುಜುಗುಜು ಎನ್ನುತ್ತಿದೆ, ಯಾರ ಕಾಲೂ ಒಂದೆಡೆ ನಿಲ್ಲುತ್ತಿಲ್ಲ.

"ನಾಯಕ ಯಾರು?" ಎಂದು ನೆಸ್ಟಾ ಕೇಳುತ್ತಿದ್ದಂತೆ ಏಳೆಂಟು ಕೈ ಮೇಲೇಳುತ್ತವೆ. ನೆಸ್ಟಾ ಬೆರಳು ಎಲ್ಲರನ್ನೂ ದಾಟಿ ಕೊನೆಯ ಟೋಪಿಯ ಮೇಲೆ ನಿಲ್ಲುತ್ತದೆ. "ಇದ್ವಾಲ್ ರಾಸರ್."

"ಬೇಡ." ಮುದುಕರು ಕೋಲು ನೆಲಕ್ಕೆ ಊರುತ್ತಾರೆ. "ನಾನಿಲ್ಲೇ ಇರ್ತೀನಿ. ಕ್ಯಾಪ್ ಇಲ್ಲದವನು ಈ ದಾರೀಲಿ ಹೋಗ್ಬಾರ್ದು. ಇದೇನು ಸಂತೆ ಅಂದ್ಕೊಂಡ್ಯಾ?"

"ಅಪ್ಪಾ, ಇಲ್ಲಿವರೆಗೂ ಬಂದು..." ಮೆನ್ನಾ ಅಪ್ಪನ ತೋಳು ಜಗ್ಗುತ್ತಾರೆ.

"ಬಂದೆ, ನೋಡಿದೆ, ಸಾಕು."

ಹದಿಮೂರು ಸಾವಿರದಲ್ಲಿ ಒಬ್ಬರೂ ನೆಸ್ಟಾಗೆ ಇಲ್ಲ ಎಂದಿಲ್ಲ. ಅವರು ಸೊಂಟದ ಮೇಲೆ ಕೈ ಇಡುತ್ತಾರೆ.

"ಸರಿ ಮಾಮ, ನಿಮ್ಮಿಷ್ಟ. ಕ್ಲೈವ್, ಮುಂದೆ ಬಾಪ್ಪ. ನೀನೇ ವೇಲ್ಸ್ ನಾಯಕ."

ಬಿಳಿ ಅಂಗಿಯ ಕ್ಲೈವ್‌ಗೆ ತಕ್ಷಣ ಅರ್ಥವಾಗುತ್ತದೆ. ಎದೆಯುಬ್ಬಿಸಿ, ತೋಳು ಮಡಚಿ ಮುಂದೆ ಬಂದು, "ಖಂಡಿತ ಮೇಡಂ! ಈ ತಂಡಕ್ಕೆ ಒಬ್ಬ ಇಂಗ್ಲೆಂಡಿನವನು ಬೇಕಿತ್ತು ಅಂತ ನಂಗೆ ಮೊದಲೇ ಗೊತ್ತಿತ್ತು," ಎನ್ನುತ್ತಾರೆ.

"ನಾಳೆ ಟ್ರೆಹರ್ಬರ್ಟ್‌ನಲ್ಲಿ ನಾನು ಹೇಗೆ ಮುಖ ತೋರಿಸ್ಲಿ?" ನೆಸ್ಟಾ ಗೋಡೆಗೆ ಹೇಳುವಂತೆ ಹೇಳುತ್ತಾರೆ. "ನಮ್ಮೂರಿನ ಒಂಬತ್ತನೇ ಅಂಗಿಯವರು ಇಲ್ಲೇ ನಿಂತಿದ್ರು, ನಮ್ಮ ಕೆಂಪು ತಂಡಾನ ಬ್ರಿಸ್ಟಲ್‌ನ ಬಿಳಿ ಅಂಗಿ ಹೊರಗೆ ಕರ್ಕೊಂಡು ಹೋಯ್ತು ಅಂತ ಹೇಳ್ಲಾ?"

ಇದ್ವಾಲ್ ಮುಖ ಕೆಂಪೇರುತ್ತದೆ. ಕ್ಲೈವ್‌ರನ್ನು ಕೆಳಗಿನಿಂದ ಮೇಲಕ್ಕೆ ಅಳೆಯುತ್ತಾರೆ. ಕೋಲನ್ನು ಮಗಳ ಕೈಗೆ ತುರುಕುತ್ತಾರೆ.

"ಹಿಂದೆ ಸರಿಯೋ ದಾಂಡಿಗ. ನನ್ನ ಹೆಣದ ಮೇಲೆ ಹೋಗ್ಬೇಕು ನೀನು."

ನೆಸ್ಟಾ ಪೆಟ್ಟಿಗೆಯ ಹತ್ತಿರ ಓಡುತ್ತಾರೆ, ಮಂಡಿಯ ನೋವು ನೆನಪಾಗುವುದಿಲ್ಲ. ಗುಂಡಿ ಒತ್ತಿ, ಮೈಕು ಬಾಯಿಗೆ ಹಿಡಿಯುತ್ತಾರೆ. "ವೇಲ್ಸ್ ತಂಡ! ಒಂಬತ್ತನೇ ಅಂಗಿ, ನಾಯಕ, ಟ್ರೆಹರ್ಬರ್ಟ್‌ನ ಇದ್ವಾಆಆಲ್ ರಾಸರ್!"

ಕೂಗು ಸ್ಫೋಟಿಸುತ್ತದೆ. ಎಂಬತ್ತನಾಲ್ಕರ ಇದ್ವಾಲ್ ಓಡುತ್ತಾರೆ. ಓಟ ಎಂದರೆ ಬೇಗ ಬೇಗ ಇಡುವ ಪುಟ್ಟ ಹೆಜ್ಜೆಗಳು ಅಷ್ಟೇ, ಆದರೆ ತಲೆ ತಗ್ಗಿದೆ, ಮೊಣಕೈಗಳು ಪಕ್ಕೆಗೆ ಅಂಟಿವೆ, ಚೆಂಡೊಂದು ಅಲ್ಲಿರುವಂತೆ. ಹಿಂದೆ ಇಪ್ಪತ್ತೆರಡು ಮಂದಿ ಕೇಕೆ ಹಾಕುತ್ತಾ ಹೊರಟಿದ್ದಾರೆ. ಮೇಲೆ ಸಾಲುಗಳಲ್ಲಿ ಶನಿವಾರಕ್ಕಾಗಿ ಕುರ್ಚಿ ಒರೆಸುತ್ತಿದ್ದ ಮೂವತ್ತು ಮಂದಿ ಕೆಲಸಗಾರರು ಹೆಸರು ಕೇಳಿ ಬಟ್ಟೆ ಬೀಸುತ್ತಾ ಎದ್ದು ನಿಲ್ಲುತ್ತಾರೆ. ಅವರಲ್ಲಿ ಅರ್ಧ ಜನ ಕಣಿವೆಯವರೇ. ಹಳೆಯ ಕೂಗಿನ ಮೇಲೆ ಹೊಸ ಕೂಗು ಬಂದು ಬೀಳುತ್ತದೆ: "ಇದ್ವಾಲ್! ಇದ್ವಾಲ್!"

ಹೊರಬಂದವರು ಎಡಕ್ಕೆ ತಿರುಗಿ ಆಟಗಾರರ ಬೆಂಚಿನ ಹತ್ತಿರ ನಿಲ್ಲಬೇಕು. ಇದ್ವಾಲ್ ಬಲಕ್ಕೆ ತಿರುಗುತ್ತಾರೆ. ಐವತ್ತೆಂಟು ವರ್ಷ ಮನಸ್ಸಿನಲ್ಲಿ ಓಡಿದ ಓಟ ಅದು, ಗೋಲುಕಂಬ ಬಲಕ್ಕಿದ್ದ ಕಾಲದ್ದು. ನಾಯಕ ಹೋದ ಕಡೆಗೆ ಓಸಾಕಾ, ಐರ್ಲೆಂಡ್, ಬ್ರಿಸ್ಟಲ್ ಎಲ್ಲವೂ ತಿರುಗುತ್ತವೆ. ಮುಂದೆ ಬರೀ ಒಂದು ಹಗ್ಗ, ಅದರಾಚೆ ಎರಡೇ ದಿನದಲ್ಲಿ ಆಟ ಕಾಣಬೇಕಾದ ಹುಲ್ಲು.

"ಹುಲ್ಲು! ಹುಲ್ಲು!" ಅಂಗಣದ ನಡುವಿನಿಂದ ಗೆತಿನ್ ಎರಡೂ ಕೈ ಎತ್ತಿ ಕಿರುಚುತ್ತಾರೆ. ನೆಸ್ಟಾ ಸುರಂಗದ ಬಾಯಿಗೆ ಬಂದು ಹಗ್ಗದತ್ತ ಕೈ ಬೀಸುತ್ತಾರೆ.

ಹಗ್ಗಕ್ಕೆ ಒಂದು ಗೇಣು ಇರುವಾಗ ಇದ್ವಾಲ್ ನಿಲ್ಲುತ್ತಾರೆ. ಏದುಸಿರು ಬಿಡುತ್ತಾ ಅತ್ತ ಇತ್ತ ನೋಡುತ್ತಾರೆ.

"ಕಂಬ ಎಲ್ಲಿ? ನನ್ನ ಕಂಬ ಯಾರು ಕದ್ರು?"

ಮೊದಲು ಮೆನ್ನಾ ನಗಲು ಶುರು ಮಾಡುತ್ತಾರೆ, ಕ್ಲೈವ್ ಹೊಟ್ಟೆ ಹಿಡಿದುಕೊಳ್ಳುತ್ತಾರೆ, ಮೇಲಿನ ಮೂವತ್ತು ಮಂದಿ ಬಿದ್ದು ಬಿದ್ದು ನಗುತ್ತಾರೆ. ಇದ್ವಾಲ್ ಕೂಡ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಗೆತಿನ್ ಬುಸುಗುಡುತ್ತಾ ಬಂದವರು, ಹತ್ತಿರ ಬರುತ್ತಿದ್ದಂತೆ ತಣ್ಣಗಾಗುತ್ತಾರೆ. ಹುಲ್ಲು ಕತ್ತರಿಸುವ ಯಂತ್ರದ ಬುಟ್ಟಿಯಿಂದ ಆಗಷ್ಟೇ ಕೊಯ್ದ ಒಂದು ಹಿಡಿ ಹುಲ್ಲು ತೆಗೆದು ಹಗ್ಗದಾಚೆಯಿಂದ ಚಾಚುತ್ತಾರೆ.

"ತಗೊಳ್ಳಿ ಮಾಮ. ನೀವು ಒಳಗೆ ಬರೋ ಹಾಗಿಲ್ಲ, ಅದೇ ನಿಮ್ಮ ಹತ್ರ ಬಂದಿದೆ. ಹಿತ್ತಲಲ್ಲಿ ನೆಡ್ಬೇಡಿ ಮತ್ತೆ, ಅಲ್ಲೊಂದು ಕ್ರೀಡಾಂಗಣ ಎದ್ದೀತು."

ಇದ್ವಾಲ್ ಅದನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದು, ಕೋಟಿನ ಒಳಜೇಬಿಗೆ ಸೇರಿಸುತ್ತಾರೆ. ಓಸಾಕಾದ ದಂಪತಿ ಸೊಂಟ ಬಗ್ಗಿಸಿ ತಮ್ಮ ನಾಯಕನಿಗೆ ನಮಸ್ಕರಿಸುತ್ತಾರೆ.

ಹನ್ನೊಂದೂಕಾಲು. ಗುಂಪು ಚದುರುತ್ತಿದೆ, ಮುಂದಿನ ಸುತ್ತಿನವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಇದ್ವಾಲ್ ಮಾತ್ರ ಸುರಂಗದ ಒಳಗೆ ವಾಪಸು ಬಂದು ಗೋಡೆಯ ಪೆಟ್ಟಿಗೆಯನ್ನು ದಿಟ್ಟಿಸುತ್ತಾರೆ.

"ಈ ಗುಂಡಿ ಒತ್ತೋದು ನೀನೇನಾ?"

"ಹೂಂ, ನಾನೇ."

"ಹಾಗಾದ್ರೆ ನೀನು ಯಾವಾಗ ಓಡಿದ್ದು?"

ನೆಸ್ಟಾ ನಗುತ್ತಾರೆ. "ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಇಲ್ಲ ಮಾಮ."

ಮುದುಕರ ಹುಬ್ಬು ಗಂಟಿಕ್ಕುತ್ತದೆ. "ಹತ್ತೊಂಬತ್ತು ವರ್ಷದಿಂದ? ನಾನು ಹನ್ನೊಂದೇ ಸಲ ಕೂತಿದ್ದಕ್ಕೆ ಊರು ಕುರ್ಚಿ ಅಂತ ಹೆಸರಿಟ್ಟಿತು. ನಡಿ, ಓಡು. ಗುಂಡಿ ನಾನು ಒತ್ತುತೀನಿ, ಹೆಸರೂ ನಾನೇ ಕೂಗ್ತೀನಿ."

ನೆಸ್ಟಾ ಹೊರಗಿನ ಬೆಳಕನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಇದ್ವಾಲ್ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗುಂಡಿಯ ಮೇಲೆ ತಮ್ಮ ಕೈ ಇಡುತ್ತಾರೆ.

"ಬೇಡ ಮಾಮ. ಎಲ್ಲರೂ ಹೊರಗೆ ಓಡಿದ್ರೆ, ಒಳಗಿಂದ ಆ ಕೂಗು ಎಬ್ಬಿಸೋರು ಯಾರು?"