ಹೊಸ ಬಣ್ಣದ ಹಳೇ ಟ್ರ್ಯಾಕ್ಟರು

ನಾನು ಮದುವೆಯಾಗಿ ಕೆಂಗೇರಿಗೆ ಬಂದ ವರ್ಷವೇ ನಮ್ಮ ಮನೆಗೆ ಒಂದು ಹಳೇ ಪೆಟ್ರೋಲ್ ಟ್ರ್ಯಾಕ್ಟರೂ ಬಂತು. ಹೊಸ ಸೊಸೆಯನ್ನು ನೋಡುವ ನೆಪ ಮಾಡಿಕೊಂಡು ಬಂದವರು ಅದನ್ನೇ ಹೆಚ್ಚು ಹೊತ್ತು ನೋಡಿ ಹೋಗುತ್ತಿದ್ದರು.

ಮುಂಗಾರಿಗೆ ಮುಂಚೆ ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಅದರ ಕಾರ್ಬುರೇಟರ್ ಕೈಕೊಟ್ಟಿತು. ನನ್ನ ಗಂಡ ಅದನ್ನು ಪೇಟೆಗೆ ಒಯ್ದು, ಪೂರ್ತಿ ಬಿಚ್ಚಿಸಿ, ಹೊಸ ಸಾಮಾನು ಹಾಕಿಸಿ ತಂದು ಕೂರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಉತ್ಸಾಹ ಉಕ್ಕಿ ಕೆಂಪು ಬಣ್ಣವನ್ನೂ ಬಳಿದರು. ಬಾನೆಟ್ಟು, ಮಡ್‌ಗಾರ್ಡು, ಪೆಟ್ರೋಲ್ ಟ್ಯಾಂಕು, ಅದರ ಮುಚ್ಚಳ, ತಮ್ಮ ಪಂಚೆಯ ಅಂಚು, ಯಾವುದನ್ನೂ ಬಿಡಲಿಲ್ಲ.

ಬಣ್ಣ ಒಣಗಿದ ಮೇಲೆ ಹ್ಯಾಂಡಲ್ ತಿರುಗಿಸಿದ್ದೇ ತಡ, ಗಾಡಿ ಶುರುವಾಯಿತು. ಹೊಲದಲ್ಲಿ ಸ್ವಲ್ಪ ಉತ್ತು ನಿಂತೇಬಿಟ್ಟಿತು.

"ಕಾರ್ಬುರೇಟರ್ ನೆಟ್ಟಗೆ ಕೂರ್ಸಿಲ್ಲ ಕಣೋ ನೀನು," ಎಂದರು ಭಾವ, ನನ್ನ ಗಂಡನ ಅಣ್ಣ.

"ನೆಟ್ಟಗೇ ಕೂರ್ಸಿದೀನಿ. ಮೊದ್ಲು ಪೆಟ್ರೋಲ್ ಐತಾ ನೋಡಣ್ಣ."

ಮುಚ್ಚಳ ತೆಗೆದು ಇಣುಕಿದರೆ ಪೆಟ್ರೋಲ್ ಇತ್ತು. ಸರಿ, ಕಾರ್ಬುರೇಟರನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿ, ಸಣ್ಣ ತೂತುಗಳನ್ನೆಲ್ಲ ಊದಿ ಮತ್ತೆ ಜೋಡಿಸಿದರು. ಗಾಡಿ ಹೊರಟಿತು, ಮತ್ತೆ ನಿಂತಿತು. ಈ ಸಲ ಭಾವ ಯಾವುದೋ ಸ್ಕ್ರೂ ತಿರುಗಿಸಿ, ಪೆಟ್ರೋಲನ್ನು ಇನ್ನೊಮ್ಮೆ ನೋಡಿ, ಓಡಿಸಿಯೇಬಿಟ್ಟರು.

"ನೋಡ್ದಾ ನನ್ ಕೈಗುಣ?"

ಸಾಲಿನ ತುದಿ ಮುಟ್ಟುವ ಮೊದಲೇ ಆ ಕೈಗುಣ ಮುಗಿದಿತ್ತು.

ನಾನು ಬುತ್ತಿ ಹೊತ್ತು ಹೋದಾಗ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗಂಡ ಟ್ಯಾಂಕಿನ ಮುಚ್ಚಳವನ್ನು ಮತ್ತೆ ತಿರುಗಿಸಿದರು. ಟ್ಯಾಂಕು ಉಸ್ಸೆಂದು ಗಾಳಿಯನ್ನು ಒಳಕ್ಕೆ ಎಳೆದುಕೊಂಡ ಸದ್ದು ನನಗೆ ಕೇಳಿಸಿತು. ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಬೀಳುವುದಿಲ್ಲ, ಗಾಳಿಗೆ ಇನ್ನೊಂದು ಬೇಕು ಎಂಬುದು ನೆನಪಾಯಿತು.

"ರೀ, ಮುಚ್ಚಳದಲ್ಲಿ ಗಾಳಿಗೆ ತೂತಿಲ್ವಾ?"

"ಇತ್ತಲ್ಲ," ಎಂದವರು ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದರು. ಅವರೇ ಬಳಿದ ಬಣ್ಣ ತೂತನ್ನು ಮುಚ್ಚಿಬಿಟ್ಟಿತ್ತು. ಪೆಟ್ರೋಲ್ ನೋಡಲು ಮುಚ್ಚಳ ತೆಗೆದಾಗಲೆಲ್ಲ ಗಾಳಿ ಹೊಕ್ಕು ಗಾಡಿ ಒಂದಿಷ್ಟು ಓಡುತ್ತಿತ್ತು, ಅಷ್ಟೇ.

ಸೆರಗಿನ ಪಿನ್ನು ಬಿಚ್ಚಿ ಕೊಟ್ಟೆ. ಅವರು ತೂತು ಬಿಡಿಸುತ್ತಿದ್ದರೆ ಭಾವ ಮುದ್ದೆಯ ತುತ್ತು ಕೈಯಲ್ಲೇ ಹಿಡಿದು ನಕ್ಕಿದ್ದೇ ನಕ್ಕಿದ್ದು.

"ಬೆಳಗಿಂದ ಆ ಕಾರ್ಬುರೇಟರ್‌ಗೆ ಬೈದಿದ್ದೆಲ್ಲಾ ನಿಂಗೇ ಸೇರ್ಬೇಕು ಕಣೋ!"

ಆಮೇಲೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಸಂಜೆ ಮನೆಗೆ ಹೊರಟಾಗ ನನ್ನನ್ನೂ ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡರು. ಊರು ಹತ್ತಿರವಾದಾಗ ದಾರಿಯಲ್ಲಿ ಅತ್ತೆ ನಿಂತಿದ್ದರು. ಏನನ್ನುತ್ತಾರೋ ಎಂದು ಗಾಬರಿಯಾಗಿ ಇಳಿಯಲು ಹೋದೆ.

"ಕೂತ್ಕೊಳೇ, ಕೂತ್ಕೊ," ಎಂದು ಅವರು ಕೈ ಚಾಚಿದರು. "ಸ್ವಲ್ಪ ಆ ಕಡೆ ಜರುಗು. ನಾನೂ ಹತ್ತೀನಿ."