ಹೀಟರ್ ಫ್ಯಾನಿನಲ್ಲಿ ಕಾಫಿ ಸಿಪ್ಪೆ

ಆಲೂರಿನ ಕಾರು ವೈರಿಂಗ್ ಮೇಸ್ತ್ರಿಯ ಎಡಗೈ ಹೆಬ್ಬೆರಳಿನಲ್ಲಿ ಉಗುರೇ ಇರಲಿಲ್ಲ. ಆ ಬೋಳು ಬೆರಳಿನಿಂದಲೇ ವೈರು ತಡವಿ, ಎಲ್ಲಿ ಬಿಸಿಯಾಗಿದೆ ಎಂದು ಹೇಳುತ್ತಿದ್ದರು. ಬಾಯಿ ಮಾತ್ರ ಕಹಿ. “ತೋಟ ಐವತ್ತು ಎಕರೆ, ಬುದ್ಧಿ ಅರೆಪಾವು” ಎನ್ನುತ್ತಿದ್ದರು, ತೋಟದವರ ಎದುರಿಗೇ. ನಮ್ಮ ಮಾವನವರನ್ನು ಬಲ್ಲವರು ಯಾರೂ ಆ ಮಾತನ್ನು ಸುಳ್ಳೆನ್ನಲಾರರು.

ಮಗ್ಗೆಯಿಂದ ಸಕಲೇಶಪುರದ ಶಾಲೆಗೆ ನಾನು ದಿನಾ ಕಾರಿನಲ್ಲಿ ಹೋಗುತ್ತೇನೆ. ಬೆಳಗಿನ ಮಂಜಿಗೆ ಗಾಜು ಮಬ್ಬಾದರೆ ಹೀಟರ್ ಬೇಕೇ ಬೇಕು. ಒಂದು ಚಳಿಗಾಲದಲ್ಲಿ ಅದರ ಫ್ಯಾನು ಒಂದು, ಎರಡು, ಮೂರಕ್ಕೆ ಇಟ್ಟರೆ ಅಲ್ಲಾಡದೆ, ನಾಲ್ಕಕ್ಕೆ ಮಾತ್ರ ಭೋರೆಂದು ತಿರುಗತೊಡಗಿತು. ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ ಎಂದು ಮೇಸ್ತ್ರಿ ಹೊಸದು ಹಾಕಿದರು. ಎಂಟೇ ದಿನಕ್ಕೆ ಅದೂ ಸುಟ್ಟಿತು.

ಮಾವನವರು ನನ್ನ ಜೊತೆ ಬಂದರು. ಅಂಗಡಿ ಮುಂದೆ ನಿಂತು, ಸಂತೆಗೆ ಬಂದವರೆಲ್ಲ ಕೇಳುವಂತೆ ಕೂಗಿದರು: “ಹಳೇ ಸಾಮಾನು ಹಾಕ್ಬುಟ್ಟು ಹೊಸದು ಅಂತೀಯಲ್ಲೋ, ಕಳ್ಳ!”

ಮೇಸ್ತ್ರಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ, ಈ ಸಲ ಫ್ಯಾನನ್ನೇ ಬಿಚ್ಚಿ, ಒಳಗಿಂದ ಒಂದು ಬೊಗಸೆ ಕಾಫಿ ಸಿಪ್ಪೆ ತೆಗೆದರು.

“ಗಾಳಿ ಆಡ್ದೆ ಸುಟ್ಟೈತೆ. ಇದೆಲ್ಲಿಂದ ಬಂತು ಗೌಡ್ರೇ?”

“ಇಲಿ ತಂದಿರ್ತವೆ,” ಎಂದರು ಮಾವ.

ಇಲಿಯೂ ಇಲ್ಲ, ಗಿಲಿಯೂ ಇಲ್ಲ. ಅಕಾಲದ ಮಳೆ ಹಿಡಿದಾಗ ಈ ಮಹಾನುಭಾವರು ಕಾರಿನೊಳಗೆ ಗೋಣಿ ಹಾಸಿ, ಕಾಫಿ ಹರವಿ, ಎಂಜಿನ್ ಚಾಲೂ ಮಾಡಿ, ಹೀಟರಿನಲ್ಲಿ ಒಣಗಿಸಿದ್ದರು. ನಾನು ಕಣ್ಣಾರೆ ಕಂಡಿದ್ದೆ.

“ನೀವೇ ಹೇಳಿ ಟೀಚರಮ್ಮ, ಇಲಿನಾ?” ಮೇಸ್ತ್ರಿ ನನ್ನತ್ತ ತಿರುಗಿದರು. ಸುತ್ತ ಹತ್ತಾರು ಜನ.

“ಹೌದು, ನಮ್ಮನೇಲಿ ಇಲಿ ಜಾಸ್ತಿ,” ಎಂದೆ. ನಿಜ ಹೇಳಿ ಎಂದು ಮಕ್ಕಳಿಗೆ ದಿನಾ ಪಾಠ ಒಪ್ಪಿಸುವ ನಾಲಿಗೆ ಇದು. ಥೂ.

ಮೇಸ್ತ್ರಿ ನಕ್ಕುಬಿಟ್ಟರು. “ಹೀಟರ್ ಹಾಕೋ ಇಲಿ ಸಾಕಿದ್ದೀರ. ಹುಷಾರು ಕಣಮ್ಮ.”

ಸಿಪ್ಪೆಯನ್ನೆಲ್ಲ ಬಳಿದು, ಇನ್ನೊಂದು ರೆಸಿಸ್ಟರ್ ಹಾಕಿ ಕಳಿಸಿದರು. ಮತ್ತೆ ಕೆಡಲಿಲ್ಲ. ಆದರೂ ಮಾವನವರು ಮಗ್ಗೆಯಿಂದ ಕೆ. ಹೊಸಕೋಟೆಯವರೆಗೆ ಕಳ್ಳ ಮೇಸ್ತ್ರಿ, ಕಳ್ಳ ಮೇಸ್ತ್ರಿ ಎಂದು ಸಾರಿಕೊಂಡು ಬಂದರು. ಅರೆಪಾವು ಬುದ್ಧಿಯವರ ಮಾತನ್ನು ನಂಬಲು ಅಂಥವರೇ ಬೇಕಾದಷ್ಟು ಜನ. ತೋಟದ ಕಾರುಗಳು ಆ ಅಂಗಡಿಗೆ ಬರುವುದು ನಿಂತಿತು. ನಾನು ಸುಮ್ಮನೆ ಶಾಲೆಗೆ ಹೋಗಿಬರುತ್ತಿದ್ದೆ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಮನೆಗೆ ಹೋದೆ. ಅವರ ಹೆಂಡತಿಗೆ ನನ್ನ ಪರಿಚಯವಿಲ್ಲ; ಗಿರಾಕಿ ಎಂದೆ. ಆಕೆ ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಕೇಳಿದರು: “ನೀವಾದ್ರೂ ಹೇಳಿ, ನಮ್ಮೋರು ಹಳೇ ಸಾಮಾನು ಹಾಕ್ತಿದ್ರಾ?”

“ಇಲ್ಲಮ್ಮ. ಸುಳ್ಳು ಹೇಳಿದ್ದು ನಾವು,” ಎಂದೆ.

ಸಂತೆಯ ನಡುವೆ ಹೇಳಬೇಕಾಗಿದ್ದನ್ನು ಸಾವಿನ ಮನೆಯಲ್ಲಿ, ಒಬ್ಬರ ಕಿವಿಗೆ ಮಾತ್ರ ಹೇಳಿ ಬಂದೆ.