ಅಕ್ಕ ಆಡದ ಮಾತು

ತಾನು ಬರೆದ ಕಾದಂಬರಿಯನ್ನು ತಾನೇ ಪಾಠ ಮಾಡುವ ಗತಿ ಶತ್ರುವಿಗೂ ಬರಬಾರದು. ಕೊಟ್ಟೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿ ವರ್ಷಗಟ್ಟಲೆ ಬೇರೆಯವರ ಕಾದಂಬರಿಗಳನ್ನು ಕೊಯ್ದು ಹರವಿ, ವಸ್ತು, ಪಾತ್ರ, ತಂತ್ರ ಎಂದು ಬೇರೆ ಬೇರೆ ಗುಡ್ಡೆ ಹಾಕಿದವನು ನಾನು. ಬಿ.ಎ. ಕೊನೆಯ ವರ್ಷಕ್ಕೆ ನನ್ನದೇ ಪುಸ್ತಕ ಪಠ್ಯವಾದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಿರ್ಚಿ ಮಂಡಕ್ಕಿ ತರಿಸಿ ತಿಂದರು. "ಜೀವಂತ ಇದ್ದಾಗನ ಪಾಠ ಆದ್ರಲ್ಲ, ಬಿಡ್ರಿ" ಎಂದು ಇತಿಹಾಸದ ಮೇಷ್ಟ್ರು ಚೇಷ್ಟೆ ಮಾಡಿದರು. ನಾನೂ ಹಲ್ಲು ಕಿರಿದೆ.

ಆ ಪುಸ್ತಕದಲ್ಲಿ ಓದಿದವರೆಲ್ಲ ಹೊಗಳುವುದು ಒಂದೇ ಪ್ರಸಂಗವನ್ನು. ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಏಳನೇ ಕ್ಲಾಸು ಪಾಸಾಗಿದ್ದಾರೆ. ಊರಲ್ಲಿ ಹೈಸ್ಕೂಲಿಲ್ಲ. ಪರಊರಲ್ಲಿ ಇಟ್ಟು ಓದಿಸಲು ಅಪ್ಪನಿಂದ ಆಗುವುದು ಒಬ್ಬರನ್ನು ಮಾತ್ರ. ಆಗ ಅಕ್ಕ ಮುಂದೆ ಬಂದು, "ನಾ ಒಲ್ಲೆ, ತಮ್ಮನ್ನ ಕಳಸ್ರಿ" ಎನ್ನುತ್ತಾಳೆ. ಪರೀಕ್ಷೆಯಲ್ಲಿ ಇದರ ಮೇಲೆ ಹತ್ತು ಅಂಕದ ಪ್ರಶ್ನೆ ಖಾಯಂ: ಅಕ್ಕನ ತ್ಯಾಗವನ್ನು ವಿವೇಚಿಸಿರಿ. ಉತ್ತರದಲ್ಲಿ ಏನೇನಿದ್ದರೆ ಎಷ್ಟು ಅಂಕ ಎಂಬ ಪಟ್ಟಿ ಬರೆದುಕೊಟ್ಟವನೂ ನಾನೇ.

ನಿಜದಲ್ಲಿ ಅಕ್ಕ ಆ ಮಾತು ಆಡಲೇ ಇಲ್ಲ. ಕೂಡ್ಲಿಗಿ ಕಡೆಯ ನಮ್ಮ ಹಳ್ಳಿಯ ಹೆಡ್ ಮೇಷ್ಟ್ರು ಮನೆಗೆ ಬಂದು, "ಹುಡುಗಿ ಚುರುಕ ಅದಾಳ, ಆಕೀನ್ನ ಕಳಸ್ರಿ" ಎಂದಾಗ ಅವಳು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಅಪ್ಪ ನನ್ನ ಕಡೆ ತಿರುಗಿ, "ನಿಮ್ಮಕ್ಕ ಏನಂತಾಳಲೇ?" ಎಂದು ಕೇಳಿದ. "ಆಕಿ ಒಲ್ಲೆ ಅಂತಾಳಪ್ಪಾ" ಎಂದೆ. ಸಣ್ಣ ಹುಡುಗ, ಗೊತ್ತಾಗಲಿಲ್ಲ ಎನ್ನಬಹುದು. ಗೊತ್ತಿತ್ತು. ಸುಳ್ಳು ಹೇಳುತ್ತಿದ್ದೇನೆಂದೂ, ಅದರಿಂದ ಯಾರಿಗೆ ಏನು ಸಿಗುತ್ತದೆಂದೂ ಚೆನ್ನಾಗಿ ಗೊತ್ತಿತ್ತು. ಅವಳು ಹಳ್ಳದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಮನೆಯಲ್ಲಿ ಅಪ್ಪನನ್ನು ಯಾಕೆ ಎಂದು ಕೇಳುವ ರೂಢಿ ಇರಲಿಲ್ಲ. ಅಕ್ಕ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಹೆಣ್ಣೆಂದು ಅಪ್ಪ ಶಾಲೆ ಬಿಡಿಸಿದ ಎಂದೇ ಅವಳು ತಿಳಿದಳು. ಅಂದಿನಿಂದ ಅಪ್ಪನ ಜೊತೆ ಅಗತ್ಯವಿದ್ದಷ್ಟೇ ಮಾತು.

ಕಾದಂಬರಿ ಬರೆಯುವಾಗ ನನ್ನ ಬಾಯಿಯ ಸುಳ್ಳನ್ನು ತೆಗೆದು ಅವಳ ಬಾಯಿಗಿಟ್ಟೆ. ಕಲೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಪುಸ್ತಕ ಕೇಳಿದಾಗಲೆಲ್ಲ ಪ್ರತಿಗಳು ಮುಗಿದಿವೆ ಎಂದು ಜಾರಿಕೊಂಡೆ. ನಾಚಿಕೆಗೇಡು, ನನ್ನ ಬೀರುವಿನಲ್ಲಿ ಮೂವತ್ತು ಪ್ರತಿ ಇದ್ದವು.

ಈ ಸಲದ ತರಗತಿಯಲ್ಲಿ ಹರಪನಹಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಒಂದು ದಿನ ಎದ್ದು ನಿಂತು, "ಸರ್, ಮೂರನೇ ಅಧ್ಯಾಯದಾಗ ಈಕಿ ತಮ್ಮನ ಲೆಕ್ಕಾನೂ ತಾನ ಮಾಡಿ ಕೊಡ್ತಾಳ. ಅಷ್ಟು ಓದೋ ಹುಚ್ಚು. ನಾಕನೇದ್ರಾಗ ಒಂದ ಮಾತಿನಾಗ ಸಾಲಿ ಒಲ್ಲೆ ಅಂತಾಳ. ಸಿಟ್ಟಿಲ್ಲ, ಅಳೂ ಇಲ್ಲ. ಇದು ಆಕಿ ಮಾತು ಅನ್ಸಂಗಿಲ್ರಿ" ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನಗೆ. "ಅದು ಲೇಖಕನ ಸ್ವಾತಂತ್ರ್ಯ. ಕುಂದ್ರು" ಎಂದು ಗದರಿದೆ. ಅವಳು ಕೂತಳು, ಆದರೆ ಬಿಡಲಿಲ್ಲ. ಪ್ರಾಜೆಕ್ಟಿಗೆ 'ಪಾತ್ರ ಮತ್ತು ಮೂಲವ್ಯಕ್ತಿ' ಎಂಬ ವಿಷಯ ಆರಿಸಿಕೊಂಡಳು. ಈ ಅಕ್ಕ ನಿಜವಾದವಳು, ಹಲವಾಗಲಿನಲ್ಲಿ ಈಗಲೂ ಇದ್ದಾಳೆ ಎಂದು ಮೊದಲ ದಿನ ಜಂಬ ಕೊಚ್ಚಿಕೊಂಡವನು ನಾನೇ.

ಶನಿವಾರ ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಲ್ಲಿಸಿದಳು. "ಸರ್, ನಾಳೆ ಹಲವಾಗಲಕ್ಕ ಹೊಂಟೀನ್ರಿ. ನಿಮ್ಮ ಅಕ್ಕಾರ್ಗೆ ಆ ಭಾಗ ಓದಿ ಹೇಳ್ತೀನಿ. ಏನಂತಾರೋ ಬರ್ಕೊಂಡು ಬರ್ತೀನಿ. ನಮ್ಮ ಅಬ್ಬಾ ಗಾಡಿ ಮ್ಯಾಲೆ ಬಿಟ್ಟು ಬರ್ತಾರ."

ಪಠ್ಯದ ಆಚೆಗೆ ಹೋಗಿ, ಲೇಖಕನ ಮಾತನ್ನೂ ನಂಬಬೇಡಿ ಎಂದು ವರ್ಷವಿಡೀ ಒದರಿದವನು ಯಾವ ಬಾಯಿಂದ ಬೇಡ ಎನ್ನಲಿ? "ಹೋಗಿ ಬಾ" ಎಂದೆ.

ಮನೆಗೆ ಬಂದವನೇ ಅಕ್ಕನಿಗೆ ಫೋನ್ ಹಚ್ಚಿದೆ. "ಆರಾಮ ಅದೀಯೇನಪ್ಪಾ? ಉಂಡಿ?" ಎಂದಳು. "ಹೂಂ" ಎಂದು ಇಟ್ಟುಬಿಟ್ಟೆ. ಇನ್ನು ಉಳಿದದ್ದು ಒಂದೇ. ಹುಡುಗಿಗಿಂತ ಮೊದಲು ಅಲ್ಲಿ ಮುಟ್ಟಿ ನಾನೇ ಹೇಳಬೇಕು. ಬೇರೆಯವರ ಬಾಯಿಂದ, ಅದೂ ಅಚ್ಚಾದ ಪುಸ್ತಕದಿಂದ ಅವಳಿಗೆ ತಿಳಿದರೆ ನನಗೆ ಅಕ್ಕ ಉಳಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಹರಪನಹಳ್ಳಿ ಬಸ್ಸು ಹಿಡಿದೆ. ಅಲ್ಲಿ ಇಳಿದರೆ ಹಲವಾಗಲಿನ ಬಸ್ಸು ಆಗಲೇ ಹೋಗಿದೆ. ಮುಂದಿನದಕ್ಕೆ ಒಂದು ತಾಸು ಕಾಯಬೇಕು. ನಿಲ್ದಾಣದಲ್ಲಿ ಆ ಕಡೆ ಈ ಕಡೆ ಅಡ್ಡಾಡಿದೆ. ಹೇಗೆ ಶುರು ಮಾಡಲಿ? ಅಕ್ಕಾ, ಒಂದು ಮಾತು. ಅಕ್ಕಾ, ಸಣ್ಣವನಿದ್ದಾಗ. ಸಂಭಾಷಣೆ ಹೀಗಿರಬೇಕು ಹಾಗಿರಬೇಕು ಎಂದು ಹುಡುಗರಿಗೆ ಬೋಧಿಸುವ ಮಹಾಶಯನಿಗೆ ಒಂದು ವಾಕ್ಯ ಕೂಡಲಿಲ್ಲ. ಎದುರಿಗೆ ಹೋಗುವ ಪ್ರತಿ ಮೋಟಾರ್ ಬೈಕಿನ ಹಿಂದೆಯೂ ಆ ಹುಡುಗಿಯೇ ಕೂತಂತೆ ಕಾಣುತ್ತಿತ್ತು.

ಅಕ್ಕನ ಮನೆ ಮುಟ್ಟಿದಾಗ ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿಗಳಿದ್ದವು. ಒಳಗಿನಿಂದ ಓದುವ ದನಿ ಕೇಳುತ್ತಿತ್ತು. ನನ್ನದೇ ವಾಕ್ಯಗಳು. ಹೊಸ್ತಿಲಲ್ಲಿ ನಿಂತೆ. ಪಡಸಾಲೆಯಲ್ಲಿ ಅಕ್ಕ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೇಳುತ್ತಿದ್ದಳು. ಹುಡುಗಿ "ನಾ ಒಲ್ಲೆ, ತಮ್ಮನ್ನ ಕಳಸ್ರಿ" ಎಂಬಲ್ಲಿಗೆ ಬಂದಾಗ ಅಕ್ಕನ ಕೈ ನಿಂತಿತು.

"ಇನ್ನೊಮ್ಮೆ ಓದವಾ" ಎಂದಳು.

ಹುಡುಗಿ ಮತ್ತೆ ಓದಿದಳು. ಅಕ್ಕ ತಲೆ ಎತ್ತಿದಾಗ ಹೊಸ್ತಿಲಲ್ಲಿದ್ದ ನಾನು ಕಣ್ಣಿಗೆ ಬಿದ್ದೆ.

"ಬಂದಿ? ನಾ ಯಾವಾಗ ಹಿಂಗ ಅಂದೆಪ್ಪಾ?"

"ನೀ ಅನ್ನಲಿಲ್ಲ. ನೀ ಹಳ್ಳಕ್ಕ ಹೋಗಿದ್ದಿ. ಆಕಿ ಒಲ್ಲೆ ಅಂತಾಳ ಅಂತ ಅಪ್ಪಗ ಹೇಳಿದಾಂವ ನಾನು."

ಹುಡುಗಿಯ ಪೆನ್ನು ನಿಂತಿತು. ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಬೈಯಲಿ, ಹೊಡೆಯಲಿ, ಶಾಲೆಯ ಮಾತೆತ್ತಿ ಅಳಲಿ ಎಂದು ಕಾದೆ. ಅವಳು ಶಾಲೆಯ ಮಾತೇ ಎತ್ತಲಿಲ್ಲ.

"ಅಪ್ಪ ಸಾಯೂ ಮುಂದ ಮಲಗಿದ್ದಾಗ ನನ್ನ ಕಡಿ ಕೈ ಚಾಚಿದ್ದ" ಎಂದಳು. "ನಾ ಹಿಡೀಲಿಲ್ಲ. ಎದ್ದು ಹೋಗಿ ಹೊರಗ ಕಟ್ಟಿ ಮ್ಯಾಲೆ ಕುಂತೆ. ನೀ ಅಲ್ಲೇ ಇದ್ದಿ. ನೋಡಿದಿ ಹೌದಿಲ್ಲೋ?"

"ನೋಡಿದೆ."

"ಅವಾಗರ ಹೇಳಬೇಕಿತ್ತು."

ಇಷ್ಟು ವರ್ಷ ಅಕ್ಕನಿಂದ ಕಸಿದದ್ದು ಹೈಸ್ಕೂಲು ಮಾತ್ರ ಎಂದುಕೊಂಡಿದ್ದೆ. ಆ ದಿನ ಅವಳು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತದ್ದನ್ನು, ಅಪ್ಪನ ಕೈ ಹಾಸಿಗೆಯ ಮೇಲೆ ಹಾಗೇ ಬಿದ್ದಿದ್ದನ್ನು ಕಾದಂಬರಿಯಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಹುಡುಗಿ ನೋಟ್‌ಬುಕ್ ಮುಚ್ಚಿದಳು. "ಅಮ್ಮಾ, ನಾ ಇದನ್ನ ಬರಿಯಂಗಿಲ್ರಿ. ಬ್ಯಾರೆ ವಿಷಯ ತಗೋತೀನಿ."

"ಯಾಕ ಬರಿಯಂಗಿಲ್ಲ? ಕೇಳಾಕ ಬಂದಿ, ಬರಿ. ಆಕಿ ಸಾಲಿ ಬಿಡಲಿಲ್ಲ, ಬಿಡಿಸಿದ್ರು ಅಂತ ಬರಿ. ಬಿಡಿಸಿದಾಂವ ಅಪ್ಪ ಅಲ್ಲ. ಅದನ್ನ ಮೊದಲ ಬರಿ, ಅಪ್ಪ ಅಲ್ಲ ಅಂತ."

ಹುಡುಗಿ ನನ್ನ ಮುಖ ನೋಡಿದಳು. ಅವಳ ಪ್ರಾಜೆಕ್ಟಿಗೆ ಅಂಕ ಹಾಕಬೇಕಾದವನು ನಾನು.

"ಅಕ್ಕ ಹೇಳಿದಂಗ ಬರಿ" ಎಂದೆ.

ಬರೆದಳು. ಅಕ್ಕ ನೋಟ್‌ಬುಕ್ ಇಸಿದುಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದು ಕಡೆ ನಿಂತು ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಿದಳು. ತಿರುಗಿ ಕೊಟ್ಟು, "ಕೈ ತೊಳ್ಕೊಳವಾ, ರೊಟ್ಟಿ ಬಿಸಿ ಅದಾವ" ಎಂದು ಹುಡುಗಿಗೆ ಹೇಳಿ ಎದ್ದಳು.

ಆ ಮನೆಗೆ ನಾನು ಯಾವಾಗ ಹೋದರೂ ಇವತ್ತೊಂದು ದಿನ ಇರು ಎಂದು ಚೀಲ ಬಚ್ಚಿಡುತ್ತಿದ್ದವಳು ಅಕ್ಕ. ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದಳು:

"ಒಂದೂವರಿಗೆ ಬಸ್ ಐತಿ ನಿನಗ."